ಇದ್ದಿಲಿನ ಹೊದಿಕೆ ಹೊದ್ದರೆ ರಾತ್ರಿಯ ನಾತ ನಿಲ್ಲುತ್ತದೆಯೇ?

ಪ್ರಶ್ನೆ: ಮದುವೆಯಾಗಿ ಹನ್ನೊಂದು ವರ್ಷ. ಮೂರು ತಿಂಗಳ ಹಿಂದೆ ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿ ಮೆಟ್‌ಫಾರ್ಮಿನ್ ಶುರುವಾಯಿತು. ಅಲ್ಲಿಂದೀಚೆಗೆ ರಾತ್ರಿ ಗ್ಯಾಸ್ ವಿಪರೀತ. ಹಗಲು ಅಷ್ಟಿಲ್ಲ. ಒಮ್ಮೆ ಮಧ್ಯರಾತ್ರಿ ಹೊತ್ತಿಗೆ, ಮತ್ತೆ ಮೂರು ಗಂಟೆ ಸುಮಾರಿಗೆ ಹೊದಿಕೆಯೊಳಗಿಂದ ಬರುವ ನಾತಕ್ಕೆ ನನಗೆ ಎಚ್ಚರವಾಗುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಊಟ ಹತ್ತು ಗಂಟೆಗೆ. ಸಿಹಿ ಬಿಟ್ಟಿರುವುದರಿಂದ ಊಟದ ಮೇಲೆ ಮೂರು ನಾಲ್ಕು ಶುಗರ್‌ಲೆಸ್ ಮಿಂಟ್ ತಿನ್ನುತ್ತಾರೆ. ಬೇಳೆಕಾಳು ಜಾಸ್ತಿ ಮಾಡಿದ್ದೇವೆ. ನಾನು ಒಂದು ಸಲ ಬಾಯಿಬಿಟ್ಟು ಹೇಳಿದ್ದಕ್ಕೆ ನೊಂದುಕೊಂಡು, ಬೇರೆ ಕೋಣೆಯಲ್ಲಿ ಮಲಗುತ್ತೇನೆ ಅನ್ನುತ್ತಿದ್ದಾರೆ. ವಾಸನೆ ಹೀರುವ ಇದ್ದಿಲಿನ ಹೊದಿಕೆ, ಬೆಡ್‌ಶೀಟ್ ಸಿಗುತ್ತವಂತೆ, ತೆಗೆದುಕೊಳ್ಳಬಹುದೇ? ಇದ್ದಿಲಿನ ಮಾತ್ರೆಯನ್ನೇ ನುಂಗಿದರೆ ಸಾಕಾಗುವುದಿಲ್ಲವೇ? ರಾತ್ರಿಯೆಲ್ಲ ಆ ಗಾಳಿ ಉಸಿರಾಡಿದರೆ ನನಗೇನಾದರೂ ಆಗುತ್ತದೆಯೇ? (ಹೆಸರು ಬೇಡ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಏನೂ ಆಗುವುದಿಲ್ಲ. ಹೂಸಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ವಾಸನೆಯೇ ಇಲ್ಲದ ಅನಿಲ: ಸಾರಜನಕ, ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ನಿಮ್ಮನ್ನು ಎಬ್ಬಿಸುವುದು ಉಳಿದ ಚೂರುಪಾರು. ಅದು ಗಂಧಕ ಸೇರಿದ ಅನಿಲ, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಜೊತೆಗೆ ಒಂದಿಷ್ಟು ಮೀಥೇನ್‌ಥಯಾಲ್. ಗಾಳಿಯ ನೂರು ಕೋಟಿ ಕಣಗಳಲ್ಲಿ ಇವುಗಳದ್ದು ಕೆಲವೇ ಕಣಗಳಿದ್ದರೂ ಮನುಷ್ಯನ ಮೂಗು ಹಿಡಿದುಬಿಡುತ್ತದೆ. ಹಾಗಾಗಿ ನಾತ ಜೋರಾಗಿದೆ ಎಂದ ಮಾತ್ರಕ್ಕೆ ವಿಷ ಜೋರಾಗಿದೆ ಎಂದಲ್ಲ, ನಿಮ್ಮ ಮೂಗು ಚುರುಕಾಗಿದೆ ಎಂದಷ್ಟೇ. ಯಜಮಾನರು ಬಿಗಿಹಿಡಿದರೂ ಅವರಿಗೆ ಅಪಾಯವಿಲ್ಲ. ಹೊಟ್ಟೆ ಹಿಂಡಿದಂತಾಗಬಹುದು. ಒಂದಿಷ್ಟು ಅನಿಲ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದದ್ದು ನಿದ್ದೆ ಹತ್ತಿದ ಮೇಲೆ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಮಲಗುವ ತನಕ ತಡೆದುಕೊಂಡಿದ್ದರೆ ಆ ಬಾಕಿಯೆಲ್ಲ ಹೊದಿಕೆಯೊಳಗೇ ತೀರುವುದು.

ಈಗ ಹೊದಿಕೆಯ ವಿಷಯ. ಇದ್ದಿಲು ಕೆಲಸ ಮಾಡುತ್ತದೆ, ಅದರಲ್ಲಿ ಮೋಸವಿಲ್ಲ. ಕೈಕೊಡುವುದು ಹೊದಿಕೆ.

ಇಲ್ಲಿ ಇದ್ದಿಲು ಎಂದರೆ ಒಲೆಯ ಇದ್ದಿಲಲ್ಲ, ಆ್ಯಕ್ಟಿವೇಟೆಡ್ ಕಾರ್ಬನ್. ತುಂಬಾ ಹೆಚ್ಚಿನ ಶಾಖದಲ್ಲಿ ಹದಗೊಳಿಸಿ ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರ ಮಾಡಿರುತ್ತಾರೆ. ಒಂದು ಗ್ರಾಂ ಕಾರ್ಬನ್ನಿನ ಒಳಮೈಯನ್ನೆಲ್ಲ ಬಿಚ್ಚಿ ಹರವಿದರೆ ಸುಮಾರು 1000 ಚದರ ಮೀಟರ್ ಆದೀತು. ಸ್ಪಂಜು ನೀರು ಹೀರಿದಂತೆ ಇದು ವಾಸನೆಯನ್ನು ಹೀರುವುದಿಲ್ಲ. ಹತ್ತಿರ ಹಾದುಹೋಗುವ ಅನಿಲದ ಕಣ ಆ ರಂಧ್ರದ ಗೋಡೆಗೆ ಅಂಟಿಕೊಳ್ಳಬೇಕು. ಹಾದುಹೋಗದಿದ್ದರೆ ಅಂಟುವುದೂ ಇಲ್ಲ. ಕೊಳ್ಳುವ ಮುನ್ನ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದೊಂದೇ.

ಹೊದಿಕೆಯಡಿ ನಡೆಯುವುದನ್ನು ಗಮನಿಸಿ. ಅನಿಲ ಹೊರಬಂದು ಕಾಲುಗಳ ನಡುವಿನ ಬೆಚ್ಚಗಿನ ಗಾಳಿಯಲ್ಲಿ ಬೆರೆಯುತ್ತದೆ. ದಪ್ಪ ಬಟ್ಟೆಯನ್ನು ತೂರಿ ಮೇಲೆ ಹೋಗುವುದು ಕಷ್ಟ, ಅಂಚಿನಿಂದ ನುಸುಳುವುದು ಸುಲಭ. ಯಾರಾದರೂ ಮಗ್ಗುಲು ಬದಲಿಸಿದರೆ ಹೊದಿಕೆ ಮೇಲೆದ್ದು ಕೆಳಗೆ ಕೂರುತ್ತದೆ. ಆಗ ಅದು ಕಮ್ಮಾರನ ತಿದಿಯ ಹಾಗೆ ಒಳಗಿನ ಗಾಳಿಯನ್ನೆಲ್ಲ ಒತ್ತಿ ಕತ್ತಿನ ಬಳಿಯಿಂದ ಹೊರಗೆ ಊದುತ್ತದೆ, ಅಂದರೆ ನೇರ ನಿಮ್ಮ ಮೂಗಿಗೆ. ಹೊದಿಕೆಯಲ್ಲಿ ಎಷ್ಟೇ ಒಳ್ಳೆಯ ಕಾರ್ಬನ್ ಇರಲಿ, ಆ ಗಾಳಿ ಅದನ್ನು ಮುಟ್ಟಿಯೇ ಇರುವುದಿಲ್ಲ.

ಇದನ್ನು ಅಳತೆ ಮಾಡಿ ನೋಡಿದ್ದೂ ಇದೆ. ಹೂಸಿನ ಅನಿಲಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ವೈದ್ಯ ಮೈಕೆಲ್ ಲೆವಿಟ್ ಮತ್ತು ಸಂಗಡಿಗರು 2005ರಲ್ಲಿ ಇಂಥ ಸರಕುಗಳನ್ನೆಲ್ಲ ಪರೀಕ್ಷೆಗೆ ಒಡ್ಡಿದರು. ಸ್ವಯಂಸೇವಕರಿಗೆ ಗಾಳಿಯಾಡದ ಮೈಲಾರ್ ಪ್ಲಾಸ್ಟಿಕ್ಕಿನ ಪಾಯಿಜಾಮ ತೊಡಿಸಿ, ಒಳಗೆ ಗಂಧಕದ ಅನಿಲವನ್ನು ಅಳೆದು ಬಿಟ್ಟು, ಎಷ್ಟು ಉಳಿಯಿತು ಎಂದು ನೋಡಿದರು. ಕಾರ್ಬನ್ ನಾರಿನಿಂದಲೇ ಮಾಡಿದ ಒಳಚಡ್ಡಿ ಹೆಚ್ಚುಕಡಿಮೆ ಪೂರ್ತಿ ಹಿಡಿಯಿತು. ಒಳಚಡ್ಡಿಯೊಳಗೆ ಇಡುವ ಪ್ಯಾಡುಗಳು ಶೇ 55ರಿಂದ 77ರವರೆಗೆ ಹಿಡಿದವು. ಕುಳಿತುಕೊಳ್ಳುವ ಕಾರ್ಬನ್ ದಿಂಬುಗಳು ಹಿಡಿದದ್ದು ಸುಮಾರು ಶೇ 20 ಮಾತ್ರ. ಕಾರ್ಬನ್ ಎಲ್ಲದರಲ್ಲೂ ಇತ್ತು. ಮೈಗೆ ಎಷ್ಟು ಹತ್ತಿರ, ಅಂಚು ಎಷ್ಟು ಬಿಗಿ ಎನ್ನುವುದೇ ಫಲವನ್ನು ತೀರ್ಮಾನಿಸಿತು.

ಶೇ 50 ಕಡಿಮೆಯಾದರೂ ಲಾಭವೇ ತಾನೇ ಎನ್ನಬೇಡಿ. ಅನಿಲ ಅರ್ಧಕ್ಕಿಳಿದರೆ ಮೂಗಿಗೆ ಅರ್ಧವಾಯಿತು ಅನ್ನಿಸುವುದಿಲ್ಲ, 'ಸ್ವಲ್ಪ ಪರವಾಗಿಲ್ಲ' ಅನ್ನಿಸುತ್ತದೆ. ನಿದ್ದೆ ಕೆಡದಿರಬೇಕಾದರೆ ಹತ್ತರಲ್ಲಿ ಒಂಬತ್ತು ಪಾಲಾದರೂ ಹೋಗಬೇಕು.

ಆದ್ದರಿಂದ ದುಡ್ಡು ಹಾಕುವುದಾದರೆ ಮೊದಲು ಕಾರ್ಬನ್ ಒಳಚಡ್ಡಿಗೆ ಹಾಕಿ. ಸೊಂಟ ಮತ್ತು ತೊಡೆಯ ಸುತ್ತ ಅಂಚು ಮೈಗೆ ಕೂರಬೇಕು, ಚರ್ಮದ ಮೇಲೆ ಗುರುತು ಬೀಳುವಷ್ಟು ಬಿಗಿ ಬೇಡ. ಕಾರ್ಬನ್ ಪದರ ಹಿಂಭಾಗದಲ್ಲಿ ಅಗಲವಾಗಿ, ಕಾಲುಗಳ ನಡುವಿನವರೆಗೂ ಬಂದಿರಬೇಕು. ತೊಡೆಯ ಬಳಿ ಸಡಿಲವಾಗಿ ತೆರೆದುಕೊಂಡರೆ ಅದೂ ಹೊದಿಕೆಯ ಕಥೆಯೇ. ಮಲಗುವಾಗ ಮಾತ್ರ ಹಾಕಿಕೊಂಡರೆ ಸಾಕು. ಸೆಕೆ, ಬೆವರುಸಾಲೆ, ತೊಡೆಸಂದಿಯ ಹುಳುಕಡ್ಡಿ ಇದ್ದವರಿಗೆ ಇದು ಹಿಡಿಸುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಅಲ್ಲಿ ಶಿಲೀಂಧ್ರದ ಸೋಂಕು ಬೇಗ ಹತ್ತುತ್ತದೆ. ಕೆರೆತ ಕಂಡ ದಿನವೇ ನಿಲ್ಲಿಸಿ.

ಒಳಚಡ್ಡಿಗೆ ಅವರು ಒಪ್ಪದಿದ್ದರೆ, ಅಥವಾ ಅದರ ಜೊತೆಗೆ ಹೊದಿಕೆಯೂ ಬೇಕೆನ್ನಿಸಿದರೆ, ಆರಿಸುವಾಗ ಒಂದು ವ್ಯತ್ಯಾಸ ಗೊತ್ತಿರಲಿ. 'ವಾಸನೆ ನಿರೋಧಕ' ಎಂಬ ಚೀಟಿ ಹೊತ್ತ ಬೆಡ್‌ಶೀಟುಗಳಲ್ಲಿ ಬಹುಪಾಲು ಬೆಳ್ಳಿ, ತಾಮ್ರ ಅಥವಾ ಸತುವಿನ ಲೇಪನದವು. ಅವು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದು ಬೆವರು ನಾರದಂತೆ ನೋಡಿಕೊಳ್ಳುತ್ತವೆ. ಹೂಸಿನ ವಾಸನೆ ಬಟ್ಟೆಯಲ್ಲಿ ಹುಟ್ಟುವುದಲ್ಲ, ಕರುಳಿನಲ್ಲೇ ತಯಾರಾಗಿ ಬಂದದ್ದು, ಅದಕ್ಕೆ ಇವುಗಳಿಂದ ಹೆಚ್ಚೇನೂ ಆಗದು. 'ಬಿದಿರಿನ ಇದ್ದಿಲು' ಎಂದು ಮಾರುವ ಬೂದುಬಣ್ಣದ ಬಟ್ಟೆಗಳದು ಇನ್ನೊಂದು ತರಹ. ಇದ್ದಿಲಿನ ಪುಡಿಯನ್ನು ನೂಲಿನ ದ್ರಾವಣಕ್ಕೇ ಬೆರೆಸಿ ಎಳೆ ತೆಗೆದಿರುತ್ತಾರೆ. ಹಾಗಾದಾಗ ಪುಡಿಯ ರಂಧ್ರಗಳನ್ನು ಆ ನೂಲೇ ಮುಚ್ಚಿಬಿಡುತ್ತದೆ. ಬಣ್ಣ ಇದ್ದಿಲಿನದು, ಕೆಲಸ ಮಾಮೂಲಿ ಬಟ್ಟೆಯದು. ನಿಮಗೆ ಬೇಕಾದದ್ದು ಕಾರ್ಬನ್ ಬಟ್ಟೆ ಅಥವಾ ಕಾರ್ಬನ್ ತುಂಬಿದ ಫೆಲ್ಟ್ ಪದರವನ್ನು ಎರಡು ಹತ್ತಿ ಬಟ್ಟೆಗಳ ನಡುವೆ ಹೊಲಿದದ್ದು. ರಾಸಾಯನಿಕ ಯುದ್ಧದಲ್ಲಿ ಸೈನಿಕರು ತೊಡುವ ರಕ್ಷಣಾ ಉಡುಪಿನಲ್ಲಿ ಇರುವುದೂ ಇದೇ ಜಾತಿಯ ಪದರ. ಪ್ರತಿ ಚದರ ಮೀಟರಿಗೆ ಎಷ್ಟು ಗ್ರಾಂ ಕಾರ್ಬನ್ ಇದೆ ಎಂದು ಮಾರುವವರನ್ನು ಕೇಳಿ. ಉತ್ತರವಿಲ್ಲದಿದ್ದರೆ ಅದೇ ಉತ್ತರ.

ಮನೆಯಲ್ಲೇ ಪರೀಕ್ಷಿಸಲೂ ದಾರಿಯಿದೆ. ಒಂದು ಮೊಟ್ಟೆಯನ್ನು 20 ನಿಮಿಷ ಬೇಯಿಸಿ. ಅಷ್ಟು ಹೊತ್ತು ಬೆಂದರೆ ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಉಂಗುರ ಕಟ್ಟುತ್ತದೆ, ಆಗ ಬರುವ ವಾಸನೆ ಅದೇ ಹೈಡ್ರೋಜನ್ ಸಲ್ಫೈಡಿನದು. ಬಿಸಿಯಿರುವಾಗಲೇ ಹಿಚುಕಿ ಎರಡು ಗಾಜಿನ ಲೋಟಗಳಿಗೆ ಸಮ ಹಾಕಿ, ತಲಾ ಎರಡು ಚಮಚ ಬಿಸಿನೀರು ಬೆರೆಸಿ. ಒಂದರ ಬಾಯಿಗೆ ಕಾರ್ಬನ್ ಹೊದಿಕೆಯ ಮೂಲೆಯನ್ನು, ಇನ್ನೊಂದಕ್ಕೆ ಅಷ್ಟೇ ದಪ್ಪದ ಮಾಮೂಲಿ ಹೊದಿಕೆಯ ಮೂಲೆಯನ್ನು ಹಾಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಹತ್ತು ನಿಮಿಷ ಬಿಟ್ಟು, ಕಣ್ಣು ಮುಚ್ಚಿದ ಒಬ್ಬರಿಗೆ ಯಾವುದು ಯಾವುದೆಂದು ಹೇಳದೆ ಮೂಸಲು ಕೊಡಿ. ಎರಡನ್ನೂ ಅದಲುಬದಲು ಮಾಡಿ ಮೂರು ಸಲ ಕೊಡಿ, ನಡುವೆ ಒಂದೆರಡು ನಿಮಿಷ ಬಿಡುವು ಇರಲಿ, ಏಕೆಂದರೆ ಈ ವಾಸನೆಗೆ ಮೂಗು ಬೇಗ ಮಂಕಾಗುತ್ತದೆ. ಮೂರಕ್ಕೆ ಮೂರು ಸಲವೂ ವ್ಯತ್ಯಾಸ ಕಾಣದಿದ್ದರೆ ಹೊದಿಕೆಯನ್ನು ವಾಪಸ್ ಮಾಡಿ. ಇದನ್ನು ಪಾಸಾದರೂ ಹಾಸಿಗೆಯಲ್ಲಿ ಅಂಚಿನ ಸೋರಿಕೆ ಇದ್ದೇ ಇದೆ ಎನ್ನುವುದು ಮರೆಯಬಾರದು. ಲೋಟದಲ್ಲಿ ನಾವು ರಬ್ಬರ್ ಬ್ಯಾಂಡ್ ಹಾಕಿದ್ದೆವು.

ಸೋರಿಕೆ ತಗ್ಗಿಸಲು ಇಬ್ಬರಿಗೂ ಒಂದೇ ದೊಡ್ಡ ಹೊದಿಕೆ ಬೇಡ. ಬೇರೆ ಕೋಣೆಯ ಬದಲು ಬೇರೆ ಹೊದಿಕೆ ಮಾಡಿಕೊಳ್ಳಿ, ಇಷ್ಟರಿಂದಲೇ ಎಷ್ಟೋ ಮನೆಗಳಲ್ಲಿ ಅರ್ಧ ತಲೆನೋವು ಇಳಿಯುತ್ತದೆ. ಅವರ ಹೊದಿಕೆಯನ್ನು ಕಾಲ ಕಡೆ ಮತ್ತು ನಿಮ್ಮ ಮಗ್ಗುಲಿನ ಕಡೆ ಹಾಸಿಗೆಯಡಿ ಸಿಕ್ಕಿಸಿ, ಹೊರಬದಿಯನ್ನು ಸಡಿಲ ಬಿಡಿ. ಗಾಳಿ ಹೊರಡುವುದಾದರೆ ಆ ಕಡೆಯಿಂದ ಹೊರಡಲಿ. ಫ್ಯಾನ್ ಇಡುವುದಾದರೆ ತಲೆಯ ಕಡೆಯಿಂದ ಕಾಲ ಕಡೆಗೆ ಮೆಲ್ಲಗೆ ಬೀಸುವಂತೆ ಇಡಿ. ಎಷ್ಟೋ ಜನ ಕಾಲ ಬಳಿ ಫ್ಯಾನ್ ಇಟ್ಟು ಎಲ್ಲವನ್ನೂ ಮುಖಕ್ಕೆ ತಂದುಕೊಳ್ಳುತ್ತಾರೆ. ಕಿಟಕಿ ನಾಲ್ಕು ಬೆರಳು ತೆರೆದಿದ್ದರೂ ಸಾಕು. ಏರ್ ಪ್ಯೂರಿಫೈಯರ್ ನಂಬಿ ಕೂರಬೇಡಿ. ಅದರ ಹೆಪಾ ಫಿಲ್ಟರ್ ಹಿಡಿಯುವುದು ದೂಳನ್ನು, ಅನಿಲವನ್ನಲ್ಲ. ಜೊತೆಗಿರುವ ತೆಳು ಕಾರ್ಬನ್ ಹಾಳೆಯಿಂದ ಆಗುವುದು ಅಷ್ಟಕ್ಕಷ್ಟೇ. ಅಡುಗೆ ಸೋಡಾ ಉದುರಿಸುವುದು, ರೂಮ್ ಸ್ಪ್ರೇ ಹೊಡೆಯುವುದು ಎರಡೂ ಬೇಡ. ಸ್ಪ್ರೇಯ ಸುಗಂಧವೂ ಹೋಗಿ ಅದೇ ಕಾರ್ಬನ್ ರಂಧ್ರಗಳಲ್ಲಿ ಕೂತು ಜಾಗ ತಿನ್ನುತ್ತದೆ.

ಕಾರ್ಬನ್ ಕೆಡುವುದು ಬಹುಮಟ್ಟಿಗೆ ಒಗೆತದಲ್ಲೇ. ಫ್ಯಾಬ್ರಿಕ್ ಸಾಫ್ಟ್‌ನರ್ ಬಟ್ಟೆಯ ಮೇಲೆ ಜಿಡ್ಡಿನಂಥ ಪದರ ಬಿಡುತ್ತದೆ, ಅದು ರಂಧ್ರಗಳ ಬಾಯಿ ಮುಚ್ಚುತ್ತದೆ. ಘಮಘಮಿಸುವ ಸೋಪಿನಪುಡಿಯೂ ಹಾಗೆಯೇ. ಕಾರ್ಬನ್ ಪದರ ಬೇರ್ಪಡುವಂತಿದ್ದರೆ ಹೊರಗಿನ ಹತ್ತಿ ಗವಸನ್ನು ಮಾತ್ರ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಪದರವನ್ನು ಒಗೆಯಲೇಬೇಕಾದರೆ ತಣ್ಣೀರು, ವಾಸನೆಯಿಲ್ಲದ ದ್ರವ ಸೋಪು ಅರ್ಧ ಪ್ರಮಾಣ. ಕೈಯಲ್ಲಿ ಅದುಮಿ ತೆಗೆಯಿರಿ, ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಮೊದಲ ಒಗೆತದಲ್ಲಿ ನೀರು ಸ್ವಲ್ಪ ಕಪ್ಪಾಗಬಹುದು. ನಾಲ್ಕನೆಯದರಲ್ಲೂ ಕಪ್ಪು ಇಳಿಯುತ್ತಿದ್ದರೆ, ಅಥವಾ ದಿಂಬಿನ ಮೇಲೆ ಕರಿಪುಡಿ ಕಂಡರೆ, ಪದರ ಉದುರುತ್ತಿದೆ ಎಂದರ್ಥ. ಅಂಥದ್ದನ್ನು ಹೊದೆಯಬೇಡಿ, ಆಸ್ತಮಾ ಇದ್ದವರಂತೂ ಬೇಡವೇ ಬೇಡ. ಬಿಸಿಲಿಗೆ ಹಾಕಿದರೆ ಕಾರ್ಬನ್ 'ಹೊಸದಾಗುತ್ತದೆ' ಎನ್ನುವ ಮಾತು ಅರ್ಧ ಸತ್ಯ. ಎರಡು ಮೂರು ಗಂಟೆ ಬಿಸಿಲು ಕಂಡರೆ ತೇವ ಹೋಗುತ್ತದೆ, ಸಡಿಲವಾಗಿ ಅಂಟಿದ್ದೂ ಬಿಡುತ್ತದೆ. ಗಟ್ಟಿಯಾಗಿ ಕೂತದ್ದನ್ನು ಎಬ್ಬಿಸಲು ನೂರಾರು ಡಿಗ್ರಿ ಶಾಖ ಬೇಕು, ಅದು ಕಾರ್ಖಾನೆಯ ಕೆಲಸ. ತಿಂಗಳಿಗೊಮ್ಮೆ ಮೊಟ್ಟೆಯ ಪರೀಕ್ಷೆ ಮಾಡಿ ನೋಡಿ, ಸೋತ ದಿನ ಅದು ಬರೀ ಹೊದಿಕೆ.

ಬೆಳಗಾದ ಮೇಲೂ ಹಾಸಿಗೆ ನಾರುತ್ತಿದ್ದರೆ ಅದು ಹೂಸಿನದಲ್ಲ. ಗಂಧಕದ ಅನಿಲ ಗಾಳಿಯಾಡಿದರೆ ಸ್ವಲ್ಪ ಹೊತ್ತಿನಲ್ಲೇ ಚದುರಿಹೋಗುತ್ತದೆ. ಉಳಿಯುವುದು ಬೆವರು, ಮೈಜಿಡ್ಡು, ಕೆಲವರಲ್ಲಿ ಗೊತ್ತಾಗದಂತೆ ಆಗುವ ಸಣ್ಣ ಮಲಸೋರಿಕೆ. ಅದಕ್ಕೆ ಮದ್ದು ಒಗೆತ. ಸೋರಿಕೆಯಿದ್ದರೆ ವೈದ್ಯರ ಬಳಿ ಹೇಳಿಕೊಳ್ಳಬೇಕು, ಕಾರ್ಬನ್ ಹೊದಿಸಿ ಮುಚ್ಚಿಡುವಂಥದ್ದಲ್ಲ.

ಇದ್ದಿಲಿನ ಮಾತ್ರೆಯಿಂದ ಲಾಭವಿಲ್ಲ. ಹೊರಗೆ ಅಷ್ಟು ಚೆನ್ನಾಗಿ ಹಿಡಿಯುವ ಕಾರ್ಬನ್ ಹೊಟ್ಟೆಯೊಳಗೆ ಸೋಲುತ್ತದೆ. ದೊಡ್ಡ ಕರುಳು ತಲುಪುವಷ್ಟರಲ್ಲಿ ಅದರ ಮೈಯೆಲ್ಲ ಆಹಾರ, ಪಿತ್ತರಸಗಳಿಂದ ತುಂಬಿರುತ್ತದೆ. ನುಂಗಿಸಿ ಅಳೆದ ಅಧ್ಯಯನದಲ್ಲಿ ಅನಿಲ ಕಡಿಮೆಯಾಗಲಿಲ್ಲ. ಅಪಾಯವೂ ಇದೆ: ಅದು ಇತರ ಔಷಧಿಗಳನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಅದರ ತಂಟೆಗೆ ಹೋಗಬಾರದು. ಗ್ಯಾಸಿಗೆಂದು ಕೊಡುವ ಸಿಮೆಥಿಕೋನ್ ಎಂಬ ಔಷಧಿ ಗುಳ್ಳೆ ಒಡೆಯುತ್ತದೆಯೇ ಹೊರತು ವಾಸನೆಗೆ ಏನೂ ಮಾಡುವುದಿಲ್ಲ. ಗಂಧಕದ ಅನಿಲವನ್ನು ಕರುಳಿನಲ್ಲೇ ಕಟ್ಟಿಹಾಕುವುದು ಹೊಟ್ಟೆ ಕೆಟ್ಟಾಗ ಕೊಡುವ ಬಿಸ್ಮತ್ ಸಬ್‌ಸ್ಯಾಲಿಸಿಲೇಟ್ ಎಂಬ ಔಷಧಿ. ಅದು ಹೈಡ್ರೋಜನ್ ಸಲ್ಫೈಡನ್ನು ಶೇ 95ಕ್ಕೂ ಹೆಚ್ಚು ಇಳಿಸಿದ ದಾಖಲೆಯಿದೆ. ಆದರೆ ದಿನಕ್ಕೆ ನಾಲ್ಕು ಸಲದಂತೆ ನುಂಗಬೇಕು, ಮಲ ಕಪ್ಪಾಗುತ್ತದೆ. ಆಸ್ಪಿರಿನ್ ಅಥವಾ ರಕ್ತ ತೆಳುಮಾಡುವ ಮಾತ್ರೆ ಜೊತೆಗಿದ್ದರೆ ತೊಂದರೆ. ಎಲ್ಲಿಗೋ ಪ್ರಯಾಣ ಹೋದಾಗ ನಾಲ್ಕು ದಿನಕ್ಕೆ, ಅದೂ ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ವರ್ಷವಿಡೀ ನಡೆಸುವ ಉಪಾಯವಲ್ಲ.

ನಿಮ್ಮ ಪತ್ರದಲ್ಲಿ ಹೊದಿಕೆಗಿಂತ ನನ್ನ ಗಮನ ಸೆಳೆದದ್ದು 'ಮೂರು ತಿಂಗಳಿಂದ' ಎನ್ನುವ ಮಾತು. ಹನ್ನೊಂದು ವರ್ಷ ಇಲ್ಲದ ಕಾಟ ಮೂರು ತಿಂಗಳಲ್ಲಿ ಬಂದಿದೆಯೆಂದರೆ ಆ ಮೂರು ತಿಂಗಳಲ್ಲಿ ಹೊಸದಾಗಿ ಒಳಗೆ ಹೋದದ್ದೇನು ಎಂದು ಹುಡುಕಬೇಕು. ನೀವೇ ಮೂರನ್ನು ಬರೆದಿದ್ದೀರಿ: ಮೆಟ್‌ಫಾರ್ಮಿನ್, ಮಿಂಟ್, ಕಾಳು.

ಮೊದಲ ಅನುಮಾನ ಮಿಂಟಿನ ಮೇಲೆ. ಅದರ ಸಿಹಿ ಸಾಮಾನ್ಯವಾಗಿ ಸಾರ್ಬಿಟಾಲ್, ಮಾಲ್ಟಿಟಾಲ್‌ನಂಥವುಗಳಿಂದ ಬಂದದ್ದು. ಪೊಟ್ಟಣದ ಹಿಂದೆ ನೋಡಿ. ಸಣ್ಣ ಕರುಳು ಇವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಒಂದೆರಡು ಗಂಟೆಯಲ್ಲಿ ದೊಡ್ಡ ಕರುಳಿಗೆ ಬಂದು ಬ್ಯಾಕ್ಟೀರಿಯಾಗಳಿಗೆ ಹಬ್ಬವಾಗುತ್ತದೆ. ಹತ್ತೂವರೆಗೆ ತಿಂದ ಮಿಂಟಿಗೂ ನಿಮ್ಮ ಮಧ್ಯರಾತ್ರಿಯ ಎಚ್ಚರಕ್ಕೂ ಗಂಟೆ ಹೊಂದುತ್ತದೆ. ಊಟದ ಕಾಳು ದೊಡ್ಡ ಕರುಳಿಗೆ ಇಳಿಯಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಹತ್ತಕ್ಕೆ ಊಟವಾದರೆ ಅದು ಎರಡರಿಂದ ನಾಲ್ಕು ಗಂಟೆಯ ಹೊತ್ತು, ಅಂದರೆ ನಿಮ್ಮ ಎರಡನೆಯ ಎಚ್ಚರ. ಇಷ್ಟರಿಂದಲೇ ತೀರ್ಪು ಕೊಡಲಾಗದು, ಆದರೆ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಒಂದು ವಾರ ಮಿಂಟ್ ಪೂರ್ತಿ ಬಿಡಿಸಿ, ಬೇರೇನನ್ನೂ ಬದಲಿಸಬೇಡಿ. ಎಚ್ಚರವಾದ ಗಂಟೆಯನ್ನಷ್ಟೇ ಒಂದು ಚೀಟಿಯಲ್ಲಿ ಬರೆದಿಡಿ. ಎರಡನೆಯ ವಾರ ಊಟವನ್ನು ಎಂಟಕ್ಕೆ ತನ್ನಿ. ಆಗದಿದ್ದರೆ ಕಾಳಿನ ಅಡುಗೆಯನ್ನು ಮಧ್ಯಾಹ್ನಕ್ಕೆ ಹಾಕಿ. ಕಾಳು ಬಿಡಬೇಡಿ, ಸಕ್ಕರೆ ಹತೋಟಿಗೆ ಅದು ಬೇಕು. 8ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಗ್ಯಾಸ್ ಮಾಡುವ ಸಕ್ಕರೆಗಳಲ್ಲಿ ಒಂದು ಪಾಲು ನೀರಿನ ಜೊತೆ ಹೋಗುತ್ತದೆ. ದಿಢೀರನೆ ಹೆಚ್ಚಿಸಿದ ನಾರಿಗೆ ಕರುಳು ಹೊಂದಿಕೊಳ್ಳಲು ಕೆಲವು ವಾರ ಬೇಕಾಗುತ್ತದೆ ಎನ್ನುವುದೂ ಇದೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಲಿ. ಮಲಗಿದಾಗಿಗಿಂತ ನಿಂತಾಗ, ಓಡಾಡುವಾಗ ಅನಿಲ ಸಲೀಸಾಗಿ ಹೊರಗೆ ಸಾಗುತ್ತದೆ. ಮಲಗುವ ಮುನ್ನ ಐದು ನಿಮಿಷ ಟಾಯ್ಲೆಟ್ಟಿನಲ್ಲಿ ಕೂತು ಬಂದರೆ ಹೊದಿಕೆಯ ಪಾಲಿಗೆ ಬರಬೇಕಾದ ಒಂದಿಷ್ಟು ಅಲ್ಲೇ ತೀರುತ್ತದೆ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಪಡಿಸಿ, ಮಲ ಒಳಗೆ ನಿಂತಷ್ಟೂ ನಾತ ಗಾಢ. ವಾಸನೆ ಮಾತ್ರ ವಿಪರೀತವಾಗಿದ್ದು ಪ್ರಮಾಣ ಹೆಚ್ಚಿಲ್ಲದಿದ್ದರೆ ಮೊಟ್ಟೆ, ಮಾಂಸ, ಬೆಳ್ಳುಳ್ಳಿ, ಕೋಸು, ಪ್ರೋಟೀನ್ ಪುಡಿ ಇವುಗಳ ಕಡೆ ನೋಡಿ, ಗಂಧಕ ಬರುವುದು ಅಲ್ಲಿಂದ.

ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಬೇಡಿ, ಡೋಸೂ ಇಳಿಸಬೇಡಿ. ಎರಡು ವಾರದ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸಬಹುದೇ ಎಂದು ಕೇಳಿ. ಹೊಟ್ಟೆಯ ತಕರಾರು ಅದರಲ್ಲಿ ಸಾಮಾನ್ಯವಾಗಿ ಕಡಿಮೆ. ಊಟದ ಜೊತೆಗೇ ನುಂಗುತ್ತಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಗ್ಯಾಸಿನ ಜೊತೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ಜಿಡ್ಡಾಗಿ ತೇಲುವ ಮಲ, ರಕ್ತಹೀನತೆ ಇವುಗಳಲ್ಲಿ ಯಾವುದೇ ಒಂದು ಕಂಡರೂ ಎರಡು ವಾರ ಕಾಯಬೇಡಿ.

ಅವರು ನೊಂದುಕೊಂಡಿರುವ ಬಗ್ಗೆ ಒಂದು ಮಾತು. ದಿನಕ್ಕೆ ಹತ್ತಿಪ್ಪತ್ತು ಸಲ ಗಾಳಿ ಹೋಗುವುದು ಆರೋಗ್ಯವಂತರಲ್ಲೂ ಇದ್ದದ್ದೇ, ನಿದ್ದೆಯಲ್ಲಿ ಅದರ ಮೇಲೆ ಯಾರಿಗೂ ಹಿಡಿತವಿಲ್ಲ. ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಹೇಳಿದ್ದು ದೂರಿನಂತೆ ಕೇಳಿಸುತ್ತದೆ. ಹಗಲಿನಲ್ಲಿ, ಮಿಂಟಿನ ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸುತ್ತಾ 'ಇದೇ ಇರಬಹುದು ನೋಡಿ, ಒಂದು ವಾರ ಬಿಟ್ಟು ನೋಡೋಣವಾ?' ಎಂದು ಕೇಳಿ. ಹೊದಿಕೆಗೆ ಆರ್ಡರ್ ಹಾಕುವುದು ಆ ವಾರ ಕಳೆದ ಮೇಲೆ ಇರಲಿ.